ಶಿಡ್ಲಘಟ್ಟದ ಕೆರೆಗೆ ನೀರು ಬಂದ್ರೆ ಸಾಕಾ?

ಶಿಡ್ಲಘಟ್ಟದಲ್ಲಿ ಇಬ್ಬರು ರೈತರು ಎದುರುಬದುರು ಸಿಕ್ಕಿದರೆ ಮೊದಲು ಬರೋ ಮಾತು ಗೂಡಿನ ರೇಟು. ಇವತ್ತು ಮಾರ್ಕೆಟ್‌ನಲ್ಲಿ ಸಿಬಿ ಎಷ್ಟಕ್ಕೆ ಹೋಯ್ತು, ಬೈವೋಲ್ಟೀನ್ ಎಷ್ಟಕ್ಕೆ ಹೋಯ್ತು ಅಂತ. ಅದು ಮುಗಿದ ಮೇಲೆ ನೀರಿನ ಮಾತು. ಬೋರ್‌ನಲ್ಲಿ ಎಷ್ಟು ಇಂಚು ಬರ್ತಿದೆ, ಕೆರೆಗೆ ಎಷ್ಟು ಬಂತು, ಎಚ್.ಎನ್. ವ್ಯಾಲಿ ಪೈಪು ನಮ್ಮ ಕಡೆಗೆ ಯಾವಾಗ ಬರುತ್ತೆ. ಹೊರಗಿನವರಿಗೆ ಇವು ಎರಡು ಬೇರೆ ವಿಷಯ ಅನ್ನಿಸಬಹುದು. ನಮಗೆ ಒಂದೇ. ನೀರಿಲ್ಲದೆ ಸೊಪ್ಪಿಲ್ಲ, ಸೊಪ್ಪಿಲ್ಲದೆ ಹುಳು ಇಲ್ಲ, ಹುಳು ಇಲ್ಲದೆ ಗೂಡಿಲ್ಲ, ಗೂಡಿಲ್ಲದೆ ಈ ಪೇಟೆಯೇ ಇಲ್ಲ.

ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಗೆ ಬಂದು ಕೆಲವು ವರ್ಷಗಳಾದವು. ಶಿಡ್ಲಘಟ್ಟ ಮತ್ತು ಚಿಂತಾಮಣಿ ಭಾಗದ ಇನ್ನೂ ನೂರಕ್ಕೂ ಹೆಚ್ಚು ಕೆರೆಗಳಿಗೆ ಆ ನೀರು ಹರಿಸೋ ಮುಂದಿನ ಹಂತದ ಮಾತು ಈಗ ಜೋರಾಗಿದೆ. ಒಣಗಿ ಜಾಲಿ ಬೆಳೆದು ನಿಂತಿದ್ದ ಕೆರೆಯಲ್ಲಿ ನೀರು ಕಂಡರೆ ಯಾರಿಗೆ ತಾನೇ ಖುಷಿ ಆಗಲ್ಲ? ಆದರೆ ಈ ಸಂಭ್ರಮದಲ್ಲಿ ಒಂದು ಪ್ರಶ್ನೆಯನ್ನ ಯಾರೂ ಗಟ್ಟಿಯಾಗಿ ಕೇಳ್ತಿಲ್ಲ. ಕೆರೆ ತುಂಬಿದ ಮೇಲೆ ಆ ನೀರು ಯಾರದ್ದು? ಇದಕ್ಕೆ ಉತ್ತರ ಹುಡುಕಬೇಕಾದರೆ ಈ ಊರು ಕೆರೆ ಜೊತೆ ಹೇಗೆ ಬದುಕಿತ್ತು ಅನ್ನೋದನ್ನ ಸ್ವಲ್ಪ ನೋಡಬೇಕು.

ಗೌಡನ ಕೆರೆ, ಅಮ್ಮನ ಕೆರೆ

ಹಳೆಯ ಗೆಜೆಟಿಯರ್‌ಗಳ ಪ್ರಕಾರ ಶಿಡ್ಲಘಟ್ಟ ಹುಟ್ಟಿದ್ದು 1524ರ ಸುಮಾರಿಗೆ. ಪಕ್ಕದ ಚಿಕ್ಕಬಳ್ಳಾಪುರ ಅದಕ್ಕಿಂತ ಒಂದು ತಲೆಮಾರು ಹಿರಿಯದು. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ ಅದನ್ನು ಕಟ್ಟಿಸಿದ್ದು 1479ರಲ್ಲಿ ಅಂತ ಹೇಳ್ತಾರೆ. ಶಿಡ್ಲಘಟ್ಟವನ್ನು ಮೊದಲು ಒಂದು ಸ್ಥಳೀಯ ಪಾಳೇಗಾರ ಮನೆತನ ಆಳಿತು. ಆಮೇಲೆ ಮರಾಠರು ಬಂದರು, ಮೊಘಲರು ಕಿತ್ತುಕೊಂಡರು, ಮತ್ತೆ ಮರಾಠರ ಕೈಗೆ ಬಂತು. ಅವರು ಕೊನೆಗೆ ಊರನ್ನು ಚಿಕ್ಕಬಳ್ಳಾಪುರದ ಪಾಳೇಗಾರರಿಗೆ ದುಡ್ಡಿಗೆ ಮಾರಿದರು. ಸೈಟು, ಜಮೀನು ಮಾರೋದು ಈ ಕಡೆ ಇವತ್ತಿನ ದೊಡ್ಡ ವ್ಯಾಪಾರ. ಊರಿಗೆ ಊರನ್ನೇ ಕ್ರಯ ಮಾಡಿಕೊಟ್ಟಿದ್ದು ನಮ್ಮಲ್ಲೇ ಇದೆ ನೋಡಿ. 1760ರ ದಶಕದಲ್ಲಿ ಹೈದರಾಲಿ ಚಿಕ್ಕಬಳ್ಳಾಪುರವನ್ನು ಗೆದ್ದ ಮೇಲೆ ಇದೆಲ್ಲ ಮೈಸೂರಿಗೆ ಸೇರಿತು.

ಯಾರು ಬಂದರೂ ಯಾರು ಹೋದರೂ ಊರು ನಿಂತಿದ್ದು ಕೆರೆಯ ಆಸರೆಯಲ್ಲಿ. ಊರಿಗೆ ಅಂಟಿಕೊಂಡ ಎರಡು ಕೆರೆಗಳ ಹೆಸರು ಗೌಡನ ಕೆರೆ, ಅಮ್ಮನ ಕೆರೆ. ಹೆಸರು ಗಮನಿಸಿ. ಒಂದು ಗೌಡನದು, ಇನ್ನೊಂದು ಅಮ್ಮನದು. ಯಾವ ಇಲಾಖೆಯದ್ದೂ ಅಲ್ಲ.

ಇಲ್ಲಿ ಕೆರೆ ಕಟ್ಟಿದ್ದು ಶೋಕಿಗಲ್ಲ. ಜಿಲ್ಲೆಯಲ್ಲಿ ನದಿ ಹುಟ್ಟುತ್ತೆ, ನಿಲ್ಲಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲ ನಂದಿ ಬೆಟ್ಟದ ಸಾಲು ಮತ್ತು ಅದರ ಸುತ್ತಮುತ್ತಲೇ ಹುಟ್ಟಿ, ಕೆಲವು ಆಂಧ್ರದ ಕಡೆಗೆ, ಕೆಲವು ತಮಿಳುನಾಡಿನ ಕಡೆಗೆ ಇಳಿದು ಹೋಗುತ್ತವೆ. ವರ್ಷದ ಹೆಚ್ಚಿನ ದಿನ ಅವು ಬರೀ ಮರಳು. ಮಳೆ ಬಿದ್ದ ನಾಲ್ಕು ದಿನದಲ್ಲಿ ಸಿಕ್ಕ ನೀರನ್ನ ಹಿಡಿದಿಟ್ಟುಕೊಂಡರೆ ಉಂಟು, ಇಲ್ಲಾಂದ್ರೆ ಇಲ್ಲ. ಅದಕ್ಕೇ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳು ಎದ್ದವು. ಒಂದರ ಕೋಡಿ ನೀರು ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ. ಸರಪಳಿ ಥರ.

ಈ ಸರಪಳಿಗೆ ಬ್ರಿಟಿಷರ ಕಾಲದಲ್ಲೇ ಒಂದು ಬೀಗ ಬಿತ್ತು. 1892ರ ಮದ್ರಾಸ್–ಮೈಸೂರು ಒಪ್ಪಂದ ಅಂದರೆ ಎಲ್ಲರಿಗೂ ಕಾವೇರಿ ನೆನಪಾಗುತ್ತೆ. ನಮ್ಮ ಪಿನಾಕಿನಿ, ಪಾಲಾರ್ ಕೂಡ ಆ ಪಟ್ಟಿಯಲ್ಲಿದ್ದವು. ಕೆಳಗಿನವರ ಒಪ್ಪಿಗೆ ಇಲ್ಲದೆ ಮೇಲಿನವರು ದೊಡ್ಡದಾಗಿ ಹೊಸದೇನನ್ನೂ ಕಟ್ಟೋ ಹಾಗಿರಲಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಗೆ ದುಡಿದರು, ಅವರ ಸ್ವಂತ ಸೀಮೆಗೆ ದೊಡ್ಡ ಅಣೆಕಟ್ಟೆ ಬರಲಿಲ್ಲ ಅಂತ ಇಲ್ಲಿನ ಜನ ಕೊರಗೋದುಂಟು. ತಡೆದು ನಿಲ್ಲಿಸೋಕೆ ಇಲ್ಲಿ ತುಂಬು ಹರಿಯೋ ನದಿಯೇ ಇರಲಿಲ್ಲ ಅನ್ನೋದು ಆ ಕೊರಗಿನಲ್ಲಿ ಮರೆತುಹೋಗುತ್ತೆ. ಇದ್ದಿದ್ದು ಕೆರೆ ಮಾತ್ರ.

ಕೆರೆ ಅಂದ್ರೆ ಬರೀ ನೀರು ನಿಂತ ಗುಂಡಿ ಅಲ್ಲ. ಅದಕ್ಕೊಂದು ಕಟ್ಟೆ, ತೂಬು, ಕೋಡಿ, ನೀರು ತರೋ ಕಾಲುವೆ, ಕೆಳಗೆ ಅಚ್ಚುಕಟ್ಟು. ಇವನ್ನೆಲ್ಲ ನೋಡಿಕೊಳ್ಳೋಕೆ ನೀರಗಂಟಿ. ಯಾವ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಅಂತ ತೂಬು ಎತ್ತಿ ಇಳಿಸಿ ಹಂಚುತ್ತಿದ್ದವನು ಅವನು. ಕೊಯ್ಲಾದ ಮೇಲೆ ಕಣದಲ್ಲಿ ಅವನ ಪಾಲು ಕಾಳು ಅಳೆದು ಕೊಡ್ತಿದ್ದರು. ನೀರು ಕಡಿಮೆ ಇದ್ದ ವರ್ಷ ಎಲ್ಲರೂ ಅಷ್ಟಷ್ಟೇ ನಾಟಿ ಮಾಡಬೇಕಿತ್ತು. ಇದನ್ನ ಸುವರ್ಣಯುಗ ಅಂತ ಹೊಗಳೋ ಆಸೆ ನನಗಿಲ್ಲ. ನೀರಗಂಟಿಗಳು ಬಹುಪಾಲು ದಲಿತ ಕುಟುಂಬದವರು. ನೀರು ಹಂಚಿದ ಅವರಿಗೆ ಅಚ್ಚುಕಟ್ಟಿನಲ್ಲಿ ಜಮೀನು ಇದ್ದಿದ್ದು ಅಷ್ಟಕ್ಕಷ್ಟೇ. ಆದರೂ ಒಂದು ಮಾತು ನಿಜ. ಕೆರೆ ನೀರಿಗೆ ಲೆಕ್ಕ ಇತ್ತು, ಆ ಲೆಕ್ಕ ನಾಲ್ಕು ಜನರ ಕಣ್ಣ ಮುಂದೆ ನಡೀತಿತ್ತು.

ರೇಷ್ಮೆ ಬಂತು, ಕೆರೆ ಹಿಂದೆ ಸರಿಯಿತು

ಮೈಸೂರು ಸೀಮೆಗೆ ರೇಷ್ಮೆ ತಂದ ಹೆಸರು ಟಿಪ್ಪು ಸುಲ್ತಾನನದು. ಕೋಲಾರ–ಶಿಡ್ಲಘಟ್ಟ–ವಿಜಯಪುರದ ಕಡೆ ಅದು ಚೆನ್ನಾಗಿ ಬೇರು ಬಿಟ್ಟಿತು. ಒಂದನೇ ಮಹಾಯುದ್ಧದ ಹೊತ್ತಿಗೆ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ರೈಲು ಬಂದು ಪೇಟೆಗೆ ಇನ್ನೊಂದು ಬಾಗಿಲು ತೆರೆಯಿತು. ಆ ಪುಟಾಣಿ ರೈಲು ನಿಂತು, ಬ್ರಾಡ್‌ಗೇಜ್ ಆಗಿ ಮತ್ತೆ ಓಡಿದ್ದು 2013ರಲ್ಲಿ. ಅಷ್ಟರಲ್ಲಿ ಊರೇ ಬದಲಾಗಿತ್ತು. 1901ರಲ್ಲಿ ಏಳು ಸಾವಿರ ಚಿಲ್ಲರೆ ಜನ ಇದ್ದ ಊರು 2011ರ ಜನಗಣತಿಯಲ್ಲಿ 51 ಸಾವಿರ ದಾಟಿತ್ತು.

ಇವತ್ತು ರಾಮನಗರ ಬಿಟ್ಟರೆ ರಾಜ್ಯದಲ್ಲಿ ಗೂಡಿಗೆ ಹೆಸರಾದ ದೊಡ್ಡ ಮಾರ್ಕೆಟ್ ಅಂದ್ರೆ ನಮ್ಮದೇ. ಬೆಳಿಗ್ಗೆ ಒಂದು ಸಲ ಅಲ್ಲಿ ಹೋಗಿ ನಿಂತರೆ ಊರಿನ ಸ್ವಭಾವ ಅರ್ಥ ಆಗುತ್ತೆ. ಹಳ್ಳಿಯಿಂದ ಗೂಡು ತಂದ ರೈತ ತೆಲುಗಿನಲ್ಲಿ ಶುರು ಮಾಡಿದ ಮಾತು ಕನ್ನಡಕ್ಕೆ ತಿರುಗುತ್ತೆ, ರೀಲರ್ ಉರ್ದುವಿನಲ್ಲಿ ಉತ್ತರ ಕೊಡ್ತಾರೆ, ಯಾರಿಗೂ ಅನುವಾದ ಬೇಕಾಗಲ್ಲ. ಗೂಡು ಬೆಳೆಯೋ ಒಕ್ಕಲಿಗರ, ದಲಿತರ ಮನೆಗೂ, ಅದನ್ನು ಬೇಯಿಸಿ ನೂಲು ತೆಗೆಯೋ ಮುಸ್ಲಿಮರ ಮನೆಗೂ ನಡುವೆ ಇರೋದು ಒಂದೇ ನೂಲು. 2011ರ ಕೇಂದ್ರ ಬಜೆಟ್‌ನಲ್ಲಿ ಆಮದು ರೇಷ್ಮೆಯ ಸುಂಕ 5 ಪರ್ಸೆಂಟ್‌ಗೆ ಇಳಿದು ಚೀನಾ ರೇಷ್ಮೆ ನುಗ್ಗಿದಾಗ ಇಬ್ಬರೂ ಒಟ್ಟಿಗೇ ಕಂಗಾಲಾದರು.

ರೇಷ್ಮೆ ಈ ತಾಲ್ಲೂಕಿನ ಕೈ ಹಿಡಿಯಿತು, ಅದರಲ್ಲಿ ಅನುಮಾನ ಇಲ್ಲ. ತಿಂಗಳ ಸಂಬಳದ ಥರ ವರ್ಷಕ್ಕೆ ಐದಾರು ಬೆಳೆ ದುಡ್ಡು ಬೇರೆ ಯಾವುದರಿಂದ ಬರುತ್ತೆ? ಆದರೆ ಇದರ ಜೊತೆ ನೀರಿನ ರೂಢಿಯೂ ಬದಲಾಯಿತು. ಭತ್ತಕ್ಕೆ ಕೆರೆ ತುಂಬಿದಾಗ ನೀರು ಕೊಟ್ಟರೆ ಸಾಕಿತ್ತು. ಹಿಪ್ಪುನೇರಳೆಗೆ ವರ್ಷಪೂರ್ತಿ ಬೇಕು. ಹುಳು ನಾಲ್ಕನೇ ಜ್ವರ ದಾಟಿದ ಮೇಲೆ ಒಂದು ದಿನ ಸೊಪ್ಪು ಕಡಿಮೆ ಆದರೂ ಬೆಳೆ ಕೈಗೆ ಬರಲ್ಲ. ಕೆರೆ ತೂಬಿನ ಸರದಿಗೆ ಕಾಯೋಕಾಗಲ್ಲ. ಹಾಗಾಗಿ ಮೊದಲು ತೆರೆದ ಬಾವಿ, ಬಾವಿ ಬತ್ತಿದ ಮೇಲೆ ಬೋರು. ಇನ್ನೂರು ಅಡಿಯಲ್ಲಿದ್ದ ನೀರು ಐನೂರಕ್ಕೆ ಇಳಿಯಿತು, ಸಾವಿರಕ್ಕೆ ಇಳಿಯಿತು, ಈಗ ಸಾವಿರದ ಐನೂರು ಅಡಿ ಕೊರೆಸಿದೆ ಅಂದ್ರೂ ಯಾರೂ ಹುಬ್ಬೇರಿಸಲ್ಲ. ಜಿಲ್ಲೆಯ ಅಂತರ್ಜಲವನ್ನ ಅತಿ ಬಳಕೆ ಆಗಿದೆ ಅಂತ ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿ ವರ್ಷಗಳೇ ಆದವು.

ಆಳಕ್ಕೆ ಹೋದಂತೆ ನೀರಿನ ಗುಣವೂ ಕೆಟ್ಟಿತು. ಫ್ಲೋರೈಡ್ ಕತೆ ಎಲ್ಲರಿಗೂ ಗೊತ್ತು. ಹಲ್ಲು ಕಂದು, ಮಂಡಿ ಹಿಡಿತ. ರೀಲರ್‌ಗಳಿಗೆ ಬೇರೆ ತೊಂದರೆ. ಗೂಡು ಬೇಯಿಸೋಕೆ ಮೆದು ನೀರು ಬೇಕು. ಗಡಸು ನೀರಾದರೆ ಗೂಡು ಸರಿಯಾಗಿ ಬಿಚ್ಚಿಕೊಳ್ಳಲ್ಲ, ನೂಲಿನ ಹೊಳಪು ಕಡಿಮೆ, ರೇಟೂ ಕಡಿಮೆ. ಇನ್ನು ಬೇಯಿಸಿದ ಮೇಲೆ ಉಳಿಯೋ ಅಂಟು ನೀರು, ಅದರ ವಾಸನೆ, ಊರಿಗೆ ಬಂದ ನೆಂಟರು ಮೂಗು ಮುಚ್ಚಿಕೊಳ್ಳೋ ವಾಸನೆ, ನಮಗೆ ಅಭ್ಯಾಸ ಆಗಿಹೋಗಿದೆ. ಆ ನೀರು ಚರಂಡಿಗೆ, ಚರಂಡಿ ಇಳಿಜಾರಿಗೆ. ಇಳಿಜಾರಿನ ಕೊನೆಯಲ್ಲಿ ಏನಿರುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಹೀಗೆ ಕೆರೆಯನ್ನ ಯಾರೂ ಬೇಕಂತ ಕೊಲ್ಲಲಿಲ್ಲ. ಅದರ ಅವಶ್ಯಕತೆ ಕಡಿಮೆಯಾಯಿತು ಅಂದುಕೊಂಡೆವು. ಹೂಳು ಎತ್ತೋರಿಲ್ಲ, ಕಾಲುವೆ ಮೇಲೆ ಮನೆ ಎದ್ದರೂ ಕೇಳೋರಿಲ್ಲ. ಮೇಲ್ಭಾಗದ ಗೋಮಾಳಗಳಲ್ಲಿ ನೀಲಗಿರಿ. ಅದನ್ನ ಹೊಸದಾಗಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ, ಅಷ್ಟರಲ್ಲಿ ಎರಡು ತಲೆಮಾರಿನ ನೀಲಗಿರಿ ಕಟಾವಾಗಿತ್ತು.

ತೂಬು ಎತ್ತುವ ಹಾಗಿಲ್ಲದ ಕೆರೆ

ಶಾಶ್ವತ ನೀರಾವರಿ ಹೋರಾಟ ಈ ಜಿಲ್ಲೆಯಲ್ಲಿ ದೊಡ್ಡದಾಗಿ ನಡೆಯಿತು. ಪರಮಶಿವಯ್ಯ ವರದಿ ಜಾರಿ ಆಗಲಿ ಅಂತ ಊರೂರಲ್ಲಿ ಬಂದ್, ಟ್ರ್ಯಾಕ್ಟರ್ ಮೆರವಣಿಗೆ. ಬಂದಿದ್ದು ಎತ್ತಿನಹೊಳೆ ಯೋಜನೆ. 24 ಟಿಎಂಸಿ ನೀರು, 2012ರಲ್ಲಿ 8,323 ಕೋಟಿ ಅಂದಾಜು, 2014ರಲ್ಲಿ ಶಂಕುಸ್ಥಾಪನೆ ಹೊತ್ತಿಗೆ 12,912 ಕೋಟಿ, ಈಗ 23 ಸಾವಿರ ಕೋಟಿ ದಾಟಿದೆ. 2024ರ ಗೌರಿ ಹಬ್ಬದ ದಿನ ಸಕಲೇಶಪುರದಲ್ಲಿ ಮೊದಲ ಹಂತದ ಪಂಪು ಚಾಲೂ ಮಾಡಿದರು. ಆ ನೀರು ಇಲ್ಲಿಗೆ ಮುಟ್ಟೋದನ್ನ ನಾವು ಇನ್ನೂ ಎದುರು ನೋಡ್ತಾನೇ ಇದ್ದೀವಿ.

ಅದಕ್ಕೆ ಮೊದಲು ಬಂದು ಮುಟ್ಟಿದ್ದು ಬೆಂಗಳೂರಿನ ಬಳಸಿದ ನೀರು. ಕೋಲಾರದ ಕೆ.ಸಿ. ವ್ಯಾಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಮರುತಿಂಗಳೇ ನೊರೆ ಕಂಡು ಗಲಾಟೆಯಾಗಿ ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು. ನಮ್ಮ ಕಡೆಗೆ ಹೆಬ್ಬಾಳ–ನಾಗವಾರ ವ್ಯಾಲಿ, ದಿನಕ್ಕೆ 210 ದಶಲಕ್ಷ ಲೀಟರ್ ಗುರಿ, ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದು ಅಲ್ಲಿಂದ ಮುಂದಕ್ಕೆ. ಶಿಡ್ಲಘಟ್ಟ ತಾಲ್ಲೂಕಿನ ಕೆಲವು ಕೆರೆಗಳೂ ಮೊದಲ ಪಟ್ಟಿಯಲ್ಲೇ ಇದ್ದವು.

ಇಲ್ಲಿ ಎರಡು ಕಡೆಯ ವಾದವೂ ಗೊತ್ತಿರೋದೇ. ನೀರು ಬಂದ ಕಡೆ ಅಂತರ್ಜಲ ಮೇಲೆ ಬಂದಿದೆ, ಸತ್ತಿದ್ದ ಬೋರುಗಳು ಮತ್ತೆ ಉಸಿರಾಡುತ್ತಿವೆ ಅಂತ ಒಂದು ಕಡೆ. ಎರಡು ಹಂತದ ಶುದ್ಧೀಕರಣ ಸಾಲದು, ಸಾರಜನಕ ರಂಜಕ ಹಾಗೇ ಉಳಿಯುತ್ತೆ, ಮೂರನೇ ಹಂತ ಮಾಡದೆ ಕೆರೆಗೆ ಬಿಟ್ಟರೆ ನಾಳೆ ಅಂತರ್ಜಲವೇ ವಿಷ ಅಂತ ಇನ್ನೊಂದು ಕಡೆ. ನನ್ನ ಅಭಿಪ್ರಾಯ ಕೇಳಿದರೆ ಇಬ್ಬರ ಮಾತೂ ಸರಿ. ಬೋರಿನಲ್ಲಿ ನೀರು ಹೆಚ್ಚಿರೋದು ರೈತನ ಕಣ್ಣಿಗೆ ಕಾಣ್ತಿದೆ, ಅದನ್ನ ಸುಳ್ಳು ಅನ್ನೋಕಾಗಲ್ಲ. ಮೂರನೇ ಹಂತದ ಶುದ್ಧೀಕರಣ ಕೇಳೋದು ಅಭಿವೃದ್ಧಿ ವಿರೋಧ ಅಂತ ತಳ್ಳಿಹಾಕೋದೂ ಸರಿಯಲ್ಲ. ಬೆಂಗಳೂರಿನವರು ತಮ್ಮ ಮನೆ ನಲ್ಲಿಗೆ ಈ ನೀರು ಬಿಟ್ಟುಕೊಳ್ತಾರಾ ಅಂತ ಯಾರಾದರೂ ಕೇಳಿದರೆ ಉತ್ತರ ಏನು?

ಈ ಜಗಳದಲ್ಲಿ ಮುಚ್ಚಿಹೋಗಿರೋದು ಒಂದು ಷರತ್ತು. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ. ಕೆರೆಯಿಂದ ನೇರವಾಗಿ ಹೊಲಕ್ಕೆ ಹರಿಸೋ ಹಾಗಿಲ್ಲ, ಪಂಪು ಇಡೋ ಹಾಗಿಲ್ಲ, ತೂಬು ಎತ್ತೋ ಹಾಗಿಲ್ಲ. ನೀರಿನ ಗುಣ ನೋಡಿದರೆ ಷರತ್ತಿಗೆ ಕಾರಣ ಇದೆ. ಆದರೆ ಅದರ ಅರ್ಥ ಏನು ಯೋಚನೆ ಮಾಡಿ. ನಾನೂರು ಐನೂರು ವರ್ಷ ಅಚ್ಚುಕಟ್ಟಿಗೆ ನೀರು ಹಂಚಿದ ಕೆರೆ ಈಗ ಒಂದು ದೊಡ್ಡ ಇಂಗುಗುಂಡಿ. ಮೇಲೆ ನೋಡಿದರೆ ಎಲ್ಲರ ಕೆರೆ. ಒಳಗಿನ ನೀರು ಮಾತ್ರ ಬೋರ್ ಇದ್ದವನದು. ಸಾವಿರ ಅಡಿ ಕೊರೆಸಿ, ಕೇಸಿಂಗ್ ಇಳಿಸಿ, ಮೋಟಾರು ಬಿಡೋ ತಾಕತ್ತು ಇದ್ದವನಿಗೆ ಕೆರೆ ತುಂಬಿದ್ದರಿಂದ ಲಾಭ. ಕೆರೆ ಕಟ್ಟೆಯ ಕೆಳಗೇ ಅರ್ಧ ಎಕರೆ ಅಚ್ಚುಕಟ್ಟು ಜಮೀನು ಇದ್ದು, ಬೋರು ಕೊರೆಸಿ ಫೇಲಾಗಿ ಸಾಲಗಾರ ಆದವನು ಕಟ್ಟೆ ಮೇಲೆ ನಿಂತು ನೀರು ನೋಡಬಹುದು, ಅಷ್ಟೇ. ಅಕ್ಕಪಕ್ಕದ ಬೋರಿನವರಿಂದ ಗಂಟೆ ಲೆಕ್ಕದಲ್ಲಿ ನೀರು ಕೊಂಡುಕೊಳ್ಳಬೇಕು. ಹಿಂದೆ ತೂಬಿನ ಮುಂದೆ ಜಗಳ ಆಡಿಯಾದರೂ ತನ್ನ ಪಾಲು ತಗೋತಿದ್ದ. ಈಗ ಯಾರ ಹತ್ತಿರ ಜಗಳ ಆಡೋದು? ನೆಲದೊಳಗಿನ ನೀರಿಗೆ ನೀರಗಂಟಿ ಇಲ್ಲ.

ಅಂತರ್ಜಲಕ್ಕೆ ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಹೊಸ ಬೋರಿಗೆ ಅನುಮತಿ ಬೇಕು ಅಂತ ಅದು ಹೇಳುತ್ತೆ. ರಾತ್ರಿ ರಿಗ್ ಲಾರಿ ಸದ್ದು ಕೇಳಿದವರಿಗೆ ಆ ಅನುಮತಿ ಹೇಗೆ ನಡೆಯುತ್ತೆ ಅಂತ ಗೊತ್ತು.

ಊರಿಗೋ, ಹೊಲಕ್ಕೋ

ಇದು ಶಿಡ್ಲಘಟ್ಟದ ಒಂದೇ ಊರಿನ ಸಮಸ್ಯೆ ಅಂದುಕೊಳ್ಳಬೇಡಿ. ಗೌರಿಬಿದನೂರಿನ ಕಡೆ ನೋಡಿ. ವಾಟದಹೊಸಹಳ್ಳಿ ಕೆರೆ ನೀರನ್ನ ಗೌರಿಬಿದನೂರು ನಗರಕ್ಕೆ ಕುಡಿಯೋಕೆ ಕೊಡಬೇಕು ಅನ್ನೋ ಯೋಜನೆಗೆ ಅಲ್ಲಿನ ರೈತರು ಬೀದಿಗಿಳಿದರು. ನಗರದವರಿಗೆ ನೀರು ಬೇಡ ಅಂತ ಅವರೇನೂ ಹೇಳಲಿಲ್ಲ. ನಮ್ಮ ಅಚ್ಚುಕಟ್ಟಿನ ಗತಿ ಏನು ಅಂತ ಕೇಳಿದರು. ಅಲ್ಲಿ ಕೆರೆಗೆ ಇನ್ನೂ ತೂಬಿದೆ, ಅಚ್ಚುಕಟ್ಟಿದೆ, ತನ್ನ ಪಾಲು ಅಂತ ಕೇಳೋ ರೈತ ಇದ್ದಾನೆ. ಅದಕ್ಕೇ ಜಗಳ ಎದ್ದಿತು. ನಮ್ಮಲ್ಲಿ ಆ ಜಗಳ ಏಳಲ್ಲ, ಯಾಕಂದ್ರೆ ಪಾಲು ಕೇಳೋ ಜಾಗವೇ ಇಲ್ಲ.

ಜಂಗಮಕೋಟೆ ಹೋಬಳಿಯಲ್ಲಿ 13 ಹಳ್ಳಿಗಳ 2,823 ಎಕರೆಯನ್ನ ಕೈಗಾರಿಕೆಗೆ ಸ್ವಾಧೀನ ಮಾಡೋ ವಿಷಯದಲ್ಲಿ ರೈತರೇ ಎರಡು ಬಣ ಆಗಿರೋದು ಎಲ್ಲರಿಗೂ ಗೊತ್ತು. ಕೊಡ್ತೀವಿ ಅನ್ನೋರು, ಕೊಡಲ್ಲ ಅನ್ನೋರು. ಅದರ ಸರಿತಪ್ಪು ಇನ್ನೊಂದು ಲೇಖನಕ್ಕೆ ಇರಲಿ. ಇಲ್ಲಿ ಒಂದೇ ಮಾತು. ಸಾವಿರಾರು ಎಕರೆ ಹೊಲ ಕಾಂಕ್ರೀಟ್ ಆದರೆ ಆ ಭೂಮಿಯ ಮೇಲೆ ಬಿದ್ದ ಮಳೆ ಯಾವ ಕೆರೆಗೆ, ಯಾವ ಕಾಲುವೆಯಲ್ಲಿ ಹೋಗುತ್ತೆ ಅನ್ನೋ ನಕ್ಷೆ ಚರ್ಚೆಗೆ ಬಂದೇ ಇಲ್ಲ. ಪರಿಹಾರದ ಮೊತ್ತದ ಬಗ್ಗೆ ಮಾತ್ರ ಮಾತು.

2021ರ ನವೆಂಬರ್ ನೆನಪಿದೆಯಲ್ಲ? ಪೈಪು ಇಲ್ಲದೆ, ಪಂಪು ಇಲ್ಲದೆ ಬರೀ ಮಳೆಗೇ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ವರ್ಷಗಟ್ಟಲೆ ಕೋಡಿ ನೋಡದ ಮಕ್ಕಳು ಸೆಲ್ಫಿ ತಗೊಂಡರು, ಹಿರಿಯರು ಬಾಗಿನ ಕೊಟ್ಟರು. ಅದೇ ವಾರ ರಸ್ತೆ, ತೋಟ, ಮನೆಗಳಿಗೂ ನೀರು ನುಗ್ಗಿತು. ಕಾಲುವೆ ಮುಚ್ಚಿದ ಕಡೆಯಲ್ಲೆಲ್ಲ ನೀರು ತನ್ನ ಹಳೆ ದಾರಿ ಹುಡುಕಿಕೊಂಡು ಹೋಯಿತು. ಮಳೆ ಬರಲ್ಲ ಅನ್ನೋ ನಮ್ಮ ದೂರು ಅರ್ಧ ಮಾತ್ರ ನಿಜ. ಬಂದಾಗ ಹಿಡಿಯೋ ಸರಪಳಿ ತುಂಡಾಗಿದೆ ಅನ್ನೋದು ಉಳಿದರ್ಧ. ಮಳೆ ನೀರು ಕೆರೆಗೆ ಸೇರಿದರೆ ಇನ್ನೊಂದು ಲಾಭವೂ ಇದೆ, ಪೈಪಿನಿಂದ ಬಂದ ನೀರು ತಿಳಿಯಾಗುತ್ತೆ. ಬರೀ ಸಂಸ್ಕರಿಸಿದ ನೀರೇ ನಿಂತು, ಹೊಸ ನೀರು ಸೇರದೆ, ಕೋಡಿಯೂ ಹೋಗದೆ ಇದ್ದರೆ ಕೆರೆ ತುಂಬ ಜೊಂಡು, ಕಳೆ.

ಯಾರು ಮಾಡಬೇಕು ಅಂದಾಗ ಶುರುವಾಗುತ್ತೆ ನೋಡಿ ತಮಾಷೆ. ನಿಯಮದ ಪ್ರಕಾರ ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಪಂಚಾಯಿತಿ. ಊರಿನ ಚರಂಡಿ ನಗರಸಭೆ. ಒತ್ತುವರಿ ಸರ್ವೆ ಕಂದಾಯ ಇಲಾಖೆ. ಕಟ್ಟೆ ಮೇಲಿನ ರಸ್ತೆ ಇನ್ಯಾರದ್ದೋ. ಮೀನು ಹರಾಜು ಮತ್ಯಾರದ್ದೋ. ಎಲ್ಲದರ ಮೇಲೆ 2014ರ ಕಾಯ್ದೆಯಲ್ಲಿ ಬಂದ ಕೆರೆ ಪ್ರಾಧಿಕಾರ. ಇಷ್ಟು ಜನ ಯಜಮಾನರಿರೋ ಮನೆಯಲ್ಲಿ ಕಸ ಗುಡಿಸೋರು ಯಾರು? ಒಬ್ಬ ನೀರಗಂಟಿ ಮಾಡ್ತಿದ್ದ ಕೆಲಸ ಐದು ಆಫೀಸಿಗೆ ಹಂಚಿಹೋಗಿದೆ, ತೂಬಿನ ಹತ್ತಿರ ನಿಂತು ಉತ್ತರ ಕೊಡೋರು ಒಬ್ಬರೂ ಇಲ್ಲ.

ಮುಂದಿನ ಹಂತದ ಪೈಪು ಬರೋಕೆ ಮುಂಚೆ ಈ ಊರು ಕೇಳಬೇಕಾದ್ದು ದೊಡ್ಡ ವಿಷಯಗಳೇನಲ್ಲ. ಯಾವ ಯಾವ ಕೆರೆಗೆ ನೀರು ಬಿಡ್ತೀರೋ ಅದರ ಕಾಲುವೆ ಸರ್ವೆ ಮಾಡಿ ಕಲ್ಲು ನೆಟ್ಟಿದ್ದೀರಾ? ಕೆರೆಗೆ ಬರೋ ನೀರಿನ ಪರೀಕ್ಷೆ ಫಲಿತಾಂಶವನ್ನ ತಿಂಗಳಿಗೊಮ್ಮೆ ಪಂಚಾಯಿತಿ ಗೋಡೆಗೆ ಅಂಟಿಸ್ತೀರಾ, ಕನ್ನಡದಲ್ಲಿ? ಬೋರಿಲ್ಲದ ಅಚ್ಚುಕಟ್ಟು ರೈತರಿಗೆ ಸಮುದಾಯದ ಬೋರು ಕೊರೆಸಿ ಸರದಿ ಮೇಲೆ ನೀರು ಕೊಡೋಕಾಗುತ್ತಾ? ಬೆಂಗಳೂರಿನ ಕೊಳಚೆ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಾವು, ನಮ್ಮ 51 ಸಾವಿರ ಜನರ ಚರಂಡಿ ನೀರು, ನಮ್ಮ ಫಿಲೇಚರ್‌ಗಳ ಅಂಟು ನೀರು ಎಲ್ಲಿ ಶುದ್ಧ ಆಗುತ್ತೆ ಅಂತ ನಗರಸಭೆಯಲ್ಲಿ ಕೇಳಿದ್ದೀವಾ? ಕೊನೆಯದನ್ನ ಕೇಳೋಕೆ ಸ್ವಲ್ಪ ಮುಜುಗರ ಆಗುತ್ತೆ, ಯಾಕಂದ್ರೆ ಅದರಲ್ಲಿ ನಮ್ಮ ನಮ್ಮ ಮನೆಯೂ ಬರುತ್ತೆ.

ಗೂಡಿನ ಮಾರ್ಕೆಟ್‌ನಲ್ಲಿ ಒಂದೊಂದು ಕೆ.ಜಿ.ಗೂ ತೂಕ ಇದೆ, ಚೀಟಿ ಇದೆ, ಯಾರು ಎಷ್ಟಕ್ಕೆ ಕೂಗಿದರು ಅನ್ನೋದು ಬೋರ್ಡಿನ ಮೇಲೆ ಎಲ್ಲರಿಗೂ ಕಾಣುತ್ತೆ. ಹಿಂದೆ ಕದ್ದುಮುಚ್ಚಿ ನಡೀತಿದ್ದ ವ್ಯಾಪಾರವನ್ನ 1959ರ ಕಾಯ್ದೆ ಮಾರ್ಕೆಟ್ ಒಳಗೆ ತಂದಾಗಲೂ ಗೊಣಗಿದವರಿದ್ದರು, ಇ–ಹರಾಜು ಬಂದಾಗಲೂ ಗೊಣಗಿದವರಿದ್ದರು. ಈಗ ಅದಿಲ್ಲದೆ ಯಾರೂ ಗೂಡು ಮಾರಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲೇ ಇರೋ ಕೆರೆಯ ನೀರಿಗೆ ಮಾತ್ರ ಇನ್ನೂ ತೂಕವಿಲ್ಲ, ಚೀಟಿಯಿಲ್ಲ, ಬೋರ್ಡೂ ಇಲ್ಲ.